ಶಟ್ಟೆವ್ವನ ಹಿಂದಡಿಯ ಹಾಡು

ಇವತ್ತು ಉಗರಗೋಳದ ಈ ತೋಟದಲ್ಲಿ ಹಾಡಿಲ್ಲ.

ಮೂಡಲು ಇನ್ನೂ ಬೂದಿ ಬಣ್ಣದಲ್ಲಿದೆ. ಎಲ್ಲಮ್ಮನ ಗುಡ್ಡದ ನೆತ್ತಿ ಮಂಜಿನ ಮೇಲೆ ತೇಲುತ್ತಿದೆ, ಅದರ ಬುಡ ಎಲ್ಲಿದೆಯೋ ಕಾಣದು. ಬಾವಿಯ ದಂಡೆಯಲ್ಲಿ ಶಟ್ಟೆವ್ವ ತನ್ನೆರಡು ಎತ್ತುಗಳ ಹಿಂದೆ ಹಗ್ಗದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ತೊಗಲಿನ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಅವು ಹಿಂದಡಿ ಇಡುತ್ತ ಇಳಿಜಾರನ್ನು ಏರಿದರೆ ಬರಿದಾದ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಮುಂದೆ ನಡೆಯುವುದನ್ನು ಎತ್ತಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂದಡಿ ಇಡಿಸುವುದೇ ಕಷ್ಟ. ಅಕ್ಕಪಕ್ಕದ ತೋಟಗಳಲ್ಲಿ ಅದಕ್ಕೆ ಬಾರುಕೋಲು ಇದೆ. ಶಟ್ಟೆವ್ವನ ತೋಟದಲ್ಲಿ ಹಾಡು ಇದೆ.

ಆದರೆ ಇವತ್ತು ಆಕೆಯ ಬಾಯಿ ಬಿಗಿದುಕೊಂಡಿದೆ. ಎತ್ತುಗಳು ಇಳಿಜಾರಿನ ತುದಿಗೆ ಹೋಗಿ ನಿಂತಿವೆ. ಬಿಳಿಯ ಎಂಬ ಎತ್ತು ಕಿವಿ ಅಲುಗಿಸಿ ಕಾಯುತ್ತದೆ. ಮೈಮೇಲೆ ಕಂದು ಪಟ್ಟೆಗಳಿರುವ ಹಂಡ ಕತ್ತು ತಿರುಗಿಸಿ ಒಡತಿಯನ್ನು ನೋಡುತ್ತದೆ. ಹಾಡಿಲ್ಲದೆ ಹಿಂದೆ ಬರುವುದು ಹೇಗೆಂದು ಅವುಗಳಿಗೆ ಗೊತ್ತಿಲ್ಲ.

ನಾನು ಉಗರಗೋಳಕ್ಕೆ ಬಂದದ್ದು ಶಟ್ಟೆವ್ವನ ಸಲುವಾಗಿ ಅಲ್ಲ. ಧಾರವಾಡದ ನಮ್ಮ ವಾರಪತ್ರಿಕೆಗೆ ಒಂದು ಮೋಟಾರಿನ ಬಗ್ಗೆ ಬರೆಯಲು ಬಂದೆ. ಬೈಲಹೊಂಗಲದ ಅರಳೆ ವ್ಯಾಪಾರಿ ಬಸಲಿಂಗಪ್ಪ ಮುಂಬಯಿಯಿಂದ ತರಿಸಿಕೊಂಡ ಮೋಟಾರು ಅದು. ಇಬ್ಬರಿಗಷ್ಟೇ ಜಾಗ. ಮೇಲೆ ಚಾವಣಿಯಿಲ್ಲ, ಪಕ್ಕಕ್ಕೆ ಬಾಗಿಲಿಲ್ಲ. ಉದ್ದ ಮೂಗು, ಗಿಳಿಹಸಿರು ಬಣ್ಣ. ಓಟದ ಪಂದ್ಯಕ್ಕೆಂದೇ ವಿಲಾಯಿತಿಯಲ್ಲಿ ಮಾಡಿದ್ದಂತೆ. ನಮ್ಮ ಸೀಮೆಯಲ್ಲಿ ಮೋಟಾರು ಕಂಡವರೇ ಕಡಿಮೆ. ಇಂಥದ್ದನ್ನಂತೂ ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ಜ್ಯೇಷ್ಠ ಮಾಸದಲ್ಲಿ ಬಸಲಿಂಗಪ್ಪ ಅದನ್ನು ಗುಡ್ಡ ಹತ್ತಿಸಲು ಹೋದ. ಅರ್ಧ ಏರಿನಲ್ಲಿ ಎಂಜಿನ್ನಿನೊಳಗೆ ಕಬ್ಬಿಣದ ಕೋಲೊಂದು ಮುರಿದು, ಅದರ ಪಕ್ಕದ ಗೋಡೆಯನ್ನೇ ಒಡೆದುಕೊಂಡು ಹೊರಗೆ ಬಂತು. ಹತ್ತಿರದಲ್ಲಿ ಇದ್ದದ್ದು ಶಟ್ಟೆವ್ವನ ಎತ್ತುಗಳು. ಅವು ಮೋಟಾರನ್ನು ಮೆಲ್ಲಗೆ ಕೆಳಗಿಳಿಸಿ, ಆಕೆಯ ಮನೆಯ ಅಂಗಳದ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದವು. ಮರುದಿನದಿಂದ ಮಳೆ ಹಿಡಿಯಿತು. ಮಲಪ್ರಭೆ ದಂಡೆ ಮೀರಿತು. ಹೊಳೆಯಾಚೆಯ ಬೈಲಹೊಂಗಲಕ್ಕೆ ಮೋಟಾರನ್ನು ಒಯ್ಯುವ ಮಾತೇ ನಿಂತುಹೋಯಿತು.

"ನಾಕ ದಿನ ಇರಲಿ ಅಂದ್ರು ಸಾವ್ಕಾರ್ರು. ಇಡೀ ಮಳಿಗಾಲ ಇತ್ತು," ಎನ್ನುತ್ತಾಳೆ ಶಟ್ಟೆವ್ವ. "ಆ ಮೆತ್ತನ್ನ ಗಾದಿ ಮ್ಯಾಲೆ ನಮ್ಮ ಕೋಳಿ ತತ್ತಿ ಇಟ್ಟು ಮರಿ ಮಾಡ್ಯಾವು. ಅವ್ರಿಗೆ ಹೇಳಬ್ಯಾಡ್ರಿ ಮತ್ತ."

ಶಟ್ಟೆವ್ವನಿಗೆ ಮೂವತ್ತೈದರ ಆಸುಪಾಸು ವಯಸ್ಸು. ಎತ್ತರದ ಆಳು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹೊತ್ತು ಮುಳುಗುವತನಕ ಬಿಚ್ಚುವುದಿಲ್ಲ. ತೋಟ ಆಕೆಯ ತಂದೆ ಸತ್ಯಪ್ಪನದು. ಪ್ಲೇಗು ಬಂದ ವರ್ಷ ಆತ ಹೋದ. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ದಿನಗಳವು. ತೋಟದ ಮೆಣಸಿನ ಗಿಡಗಳು ಒಣಗುತ್ತಿದ್ದವು, ಆಳು ಸಿಗಲಿಲ್ಲ. ಮಗಳೇ ಎತ್ತು ಹೂಡಿದಳು. ಹೆಣ್ಣುಮಗಳು ಕಪಿಲೆ ಹೊಡೆಯುವುದನ್ನು ನೋಡಲು ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಎತ್ತುಗಳಿಗೆ ಬಾರುಕೋಲಿನಿಂದ ಹೊಡೆಯಲು ಕೈ ಬರಲಿಲ್ಲವೆಂದು ಆಕೆ ಹಾಡಲು ಶುರು ಮಾಡಿದಳು.

"ಎತ್ತಿಗೆ ಬೆನ್ನ ಹಿಂದ ಏನೈತಿ ಅಂತ ಕಾಣಂಗಿಲ್ಲ ನೋಡ್ರಿ. ಅಂಜತಾವು. ಹಿಂದ ನಾ ಅದೇನಿ ಅಂತ ಗೊತ್ತಾಗಲಿ ಅಂತ ಹಾಡತೇನಿ. ದನಿ ಸಣ್ಣದು ಮಾಡಿದ್ರ ಸಣ್ಣ ಹೆಜ್ಜಿ. ದನಿ ನಿಂತ್ರ ಅವೂ ನಿಂದರತಾವು."

ದಿನಕ್ಕೆ ಎಷ್ಟು ಬಾನಿ ಎತ್ತುತ್ತೀರಿ ಎಂದು ಕೇಳಿದರೆ ಆಕೆಗೆ ಲೆಕ್ಕ ಗೊತ್ತಿಲ್ಲ. ಮೆಣಸಿನ ಮಡಿಗಳು ತುಂಬಲು ಒಂದು ದೊಡ್ಡ ಹಾಡು ಬೇಕು, ಬದನೆಯ ಸಾಲಿಗೆ ಒಂದು ಸಣ್ಣ ಹಾಡು ಸಾಕು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಹಾಡುಗಳು ಉದ್ದವಾಗುತ್ತವೆ. ನಾನು ಬಂದ ಮೊದಲ ಬೆಳಗಿನಲ್ಲಿ ಕೇಳಿದ್ದು ಇದನ್ನು:

"ಹಿಂದಕ ಬಾರೋ ಹಂಡಾ, ಸಣ್ಣಾಗಿ ಬಾರೋ ಬಿಳಿಯಾ,
ಬಾವ್ಯಾಗ ಬೆಳದಿಂಗಳ ಕುಂತೈತಿ,
ತುಳುಕದಂಗ ಇಳಸೋಣು."

ಮಲಗಿದ್ದವನು ಎದ್ದು ಕುಳಿತೆ. ನಿದ್ದೆಯೊಳಗೆ ಕೇಳುತ್ತಿದ್ದೇನೋ ಹೊರಗೆ ಕೇಳುತ್ತಿದ್ದೇನೋ ತಿಳಿಯದ ಹೊತ್ತು. ಹೊರಗೆ ಬಂದರೆ ಮಂಜಿನಲ್ಲಿ ಎರಡು ಎತ್ತುಗಳು ಬೆನ್ನು ಮುಂದೆ ಮಾಡಿ, ಹೆಜ್ಜೆ ತಪ್ಪದೆ, ನನ್ನತ್ತ ನಡೆದು ಬರುತ್ತಿದ್ದವು.

ಆಕೆಯ ಗಂಡ ಹಣಮಂತಪ್ಪ ಬೈಲಹೊಂಗಲದ ಅರಳೆ ಗಿರಣಿಯೊಂದರಲ್ಲಿ ಉಗಿಯಂತ್ರ ನೋಡಿಕೊಂಡು ಅಲ್ಲೇ ಇರುತ್ತಿದ್ದ. ಎರಡು ವರ್ಷದ ಹಿಂದೆ ಕೊಳವೆಯ ಒಂದು ಕೀಲು ಬಿಟ್ಟು ಬಿಸಿ ಉಗಿ ಮುಖಕ್ಕೆ ಹೊಡೆಯಿತು. ಜೀವ ಉಳಿಯಿತು. ಕಣ್ಣಿಗೆ ಈಗ ಬೆಳಕು ಬೇರೆ, ನೆರಳು ಬೇರೆ ಎಂಬುದಷ್ಟೇ ತಿಳಿಯುತ್ತದೆ. ಗಿರಣಿಯ ಕೆಲಸ ಹೋಯಿತು. ಹೆಂಡತಿಯ ತವರಿನ ತೋಟಕ್ಕೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತವನು ಹೆಚ್ಚು ಮಾತಾಡಲಿಲ್ಲ. ಯಾರಾದರೂ ಬಂದರೆ ಎದ್ದು ಒಳಗೆ ಹೋಗುತ್ತಿದ್ದ.

ಆ ಪಡಸಾಲೆಗೆ ಮೋಟಾರಿನ ಮುರಿದ ಎಂಜಿನ್ನು ಬಂತು. ಅದನ್ನು ತೆಗೆಯುವುದು ಸುಲಭವಾಗಿತ್ತು. ಬಾವಿಯ ಹಳೆಯ ರಾಟೆಯೊಂದನ್ನು ತಂದು ಬೇವಿನ ದಪ್ಪ ಕೊಂಬೆಗೆ ಕಟ್ಟಿದರು. ಎತ್ತುಗಳು ಹಗ್ಗ ಎಳೆದು ಮುಂದೆ ನಡೆದವು, ಎಂಜಿನ್ನು ಮೇಲೆದ್ದಿತು. ಬಸಲಿಂಗಪ್ಪ ಅದನ್ನು ಹಳೆ ಕಬ್ಬಿಣಕ್ಕೆ ಹಾಕುವವನಿದ್ದ. ಹಣಮಂತಪ್ಪ ಅಂದು ಬಾಯಿ ಬಿಟ್ಟು ಕೇಳಿದನಂತೆ: "ಸಾವ್ಕಾರ್ರ, ಮಳಿ ನಿಲ್ಲೂತನಕ ಇದು ನನ್ನ ಹತ್ರ ಇರಲಿ."

"ಮಳಿಗಾಲ ಪೂರ್ತಿ ನಮ್ಮ ಮನ್ಯಾವ್ರು ಅದರ ಜೋಡಿ ಇದ್ರು," ಎಂದು ಶಟ್ಟೆವ್ವ ಹೇಳುತ್ತಾಳೆ. ಗಂಡನ ಹೆಸರನ್ನು ಆಕೆ ಬಾಯಲ್ಲಿ ತರುವುದಿಲ್ಲ. "ಒಂದೊಂದ ತುಂಡು ಬಿಚ್ಚೂದು, ಎಣ್ಣಿ ಹಚ್ಚಿ ಒರಸೂದು, ಸವರಿ ನೋಡೂದು, ತಿರುಗಿ ಜೋಡಸೂದು. ಹೊರಗ ಮಳಿ ಸುರೀತಿತ್ತು. ಒಳಗ ಇವ್ರ ಕೈ ಮಾತಾಡತಿತ್ತು. ನಾ ರೊಟ್ಟಿ ಬಡಕೋಂತ ನೋಡತಿದ್ದೆ."

ಬಸಲಿಂಗಪ್ಪನ ಮೋಟಾರು ನಡೆಸುವವನು ಶಂಕ್ರೆಪ್ಪ. ಬೆಳಗಾವಿಯ ದಂಡಿನಲ್ಲಿ ಸಾಹೇಬರ ಮೋಟಾರುಗಳ ಬಳಿ ಕೆಲಸ ಕಲಿತು ಬಂದವನು. ಮಳೆಯ ಬಿಡುವಿನಲ್ಲಿ ಹೊಳೆ ದಾಟಿ ಬಂದಾಗಲೆಲ್ಲ ಆತ ಹಣಮಂತಪ್ಪನ ಪಕ್ಕದಲ್ಲಿ ಕುಳಿತು, ಕಿಡಿ ಎಲ್ಲಿ ಹುಟ್ಟುತ್ತದೆ, ಪೆಟ್ರೋಲು ಎಲ್ಲಿಂದ ಹರಿಯುತ್ತದೆ ಎಂದು ಹೇಳಿಕೊಟ್ಟ. ಹೊಸ ಎಂಜಿನ್ನು ಬಂದಾಗ ಹಣಮಂತಪ್ಪನೂ ಕೈಹಾಕಲಿ ಎಂದು ಬಸಲಿಂಗಪ್ಪನಿಗೆ ಹೇಳಿದವನೂ ಆತನೇ.

"ಎಂಜಿನ್ನಿನ ಹಿಂದಿನ ದಂಡ ಗೇರಿನ ಪೆಟಗಿ ತೂತಿನ್ಯಾಗ ಸೀದಾ ಹೋಗಿ ಕೂಡಬೇಕ್ರಿ," ಎಂದು ಶಂಕ್ರೆಪ್ಪ ನನಗೆ ವಿವರಿಸಿದ. "ಆ ಸಂದ್ಯಾಗ ಯಾರಿಗೂ ಕಾಣಂಗಿಲ್ಲ. ಕೈ ಹಾಕೇ ತಿಳಕೋಬೇಕು. ನನ್ನ ಕೈ ದಪ್ಪ, ಹೋಗಂಗಿಲ್ಲ. ಹಣಮಂತಣ್ಣಂದು ಹೋಗತೈತಿ."

ಹೊಸ ಎಂಜಿನ್ನು ಮುಂಬಯಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಬಂತು. ಅಲ್ಲಿಂದ ಹುಲ್ಲು ಹಾಸಿದ ಚಕ್ಕಡಿಯಲ್ಲಿ ಅದರ ಜೊತೆ ನಾನೂ ಬಂದೆ. ಕಾರ್ತಿಕದ ಬಿಸಿಲು ಹಿತವಾಗಿತ್ತು. ದಾರಿಯುದ್ದಕ್ಕೂ ಬಿಳಿಜೋಳ ಮೊಳಕಾಲೆತ್ತರ ನಿಂತಿತ್ತು. ಗೋಣಿತಟ್ಟು ಸುತ್ತಿದ ಎಂಜಿನ್ನು ಮಲಗಿದ ಕರುವಿನ ಹಾಗೆ ಹುಲ್ಲಿನಲ್ಲಿ ಅಲುಗುತ್ತಿತ್ತು. ಅದರ ಮೇಲೆ ಕೈಯಿಟ್ಟು ತೂಕಡಿಸುತ್ತ ನಾನು ಸವದತ್ತಿ ದಾಟಿದ್ದೇ ತಿಳಿಯಲಿಲ್ಲ.

ನಿನ್ನೆ ಮಧ್ಯಾಹ್ನ ಅದನ್ನು ಇಳಿಸಲು ಹೊರಟರು. ಬಿಳಿಯ ಮತ್ತು ಹಂಡ ಹಗ್ಗ ಹೊತ್ತು ನಿಂತವು. ಎಂಜಿನ್ನು ಬೇವಿನ ಕೊಂಬೆಯಿಂದ ಮೋಟಾರಿನ ಬರಿದಾದ ಮೂಗಿನ ಮೇಲೆ ತೂಗುತ್ತಿತ್ತು. ಇನ್ನು ಎತ್ತುಗಳು ಹಿಂದಡಿ ಇಡಬೇಕು, ಎಂಜಿನ್ನು ಇಳಿಯಬೇಕು. ಹಣಮಂತಪ್ಪ ಮೋಟಾರಿನ ಪಕ್ಕಕ್ಕೆ ಮೊಣಕಾಲೂರಿ ಎರಡೂ ಕೈಗಳನ್ನು ಸಂದಿಗೆ ಇಳಿಬಿಟ್ಟ. ಶಟ್ಟೆವ್ವ ಹಾಡತೊಡಗಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಶಂಕ್ರೆಪ್ಪನ ಕೈಯಿಂದ ಕಬ್ಬಿಣದ ಹಾರೆ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಬಿಳಿಯ ಬೆಚ್ಚಿ ಒಮ್ಮೆಲೇ ಹಿಂದೆ ಸರಿಯಿತು. ಎಂಜಿನ್ನು ಧಡಕ್ಕನೆ ಕುಸಿಯಿತು. ಶಟ್ಟೆವ್ವ ಹಗ್ಗಕ್ಕೆ ಜೋತುಬಿದ್ದು ಎತ್ತುಗಳನ್ನು ಮುಂದಕ್ಕೆ ಎಬ್ಬಿಸಿದಳು. ಹಣಮಂತಪ್ಪ ಎಡಗೈ ಹೊರತೆಗೆದಾಗ ಎರಡು ಬೆರಳುಗಳ ಚರ್ಮ ಸುಲಿದಿತ್ತು, ಒಂದು ಉಗುರು ಕಪ್ಪಾಗಿತ್ತು. ಎಲುಬು ಮುರಿದಿರಲಿಲ್ಲ. ಆತ ಚೀರಲಿಲ್ಲ. ಎಂಜಿನ್ನು ಪಕ್ಕದ ನೆಲಕ್ಕೆ ಇಳಿಯುತ್ತಲೇ ಶಟ್ಟೆವ್ವ ಎತ್ತುಗಳನ್ನು ಬಿಚ್ಚಿ ಹೊಡೆದುಕೊಂಡು ಹೋದಳು.

ಅದಕ್ಕೇ ಇವತ್ತು ಹಾಡಿಲ್ಲ.

ಬಿಸಿಲು ಬೇವಿನ ಬುಡಕ್ಕೆ ಬರುವ ಹೊತ್ತಿಗೆ ಬಸಲಿಂಗಪ್ಪ ಸವದತ್ತಿಯ ಬಿಡಾರದಿಂದ ಕುದುರೆಯ ಮೇಲೆ ಬರುತ್ತಾನೆ. ಗಾಯದ ಬಟ್ಟೆ ನೋಡಿ ಆತನ ಮುಖ ಬಾಡುತ್ತದೆ.

"ಬ್ಯಾಡ ಹಣಮಂತಪ್ಪ. ಮೋಟಾರ ಚಕ್ಕಡಿ ಮ್ಯಾಲೆ ಹೇರಿ ಧಾರವಾಡಕ್ಕ ಒಯ್ಯಸ್ತೇನಿ. ಅಲ್ಲೇನರ ವ್ಯವಸ್ಥಾ ಆಕ್ಕೈತಿ. ನಿನ್ನ ಕೈಗಿಂತ ಇದು ದೊಡ್ಡದಲ್ಲ."

ಹಣಮಂತಪ್ಪ ಹೆಂಡತಿ ಇರುವ ದಿಕ್ಕಿಗೆ ಮುಖ ತಿರುಗಿಸುತ್ತಾನೆ. ಆಕೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಾಳೆ.

"ಸಾವ್ಕಾರ್ರು ಹೇಳೂದು ಖರೇ ಐತಿ," ಎನ್ನುತ್ತಾಳೆ ಶಟ್ಟೆವ್ವ. "ಕಣ್ಣ ಹೋದ್ವು. ಅದು ಉಗಿ ಮಾಡಿದ್ದು. ಕೈ ಹೋದ್ರ ಅದು ನನ್ನ ಎತ್ತ ಮಾಡಿದ್ದು. ನಾ ಮಾಡಿದ್ದು. ನನ್ನ ಕೈಲೆ ಆಗಂಗಿಲ್ಲ."

"ಶಟ್ಟೆವ್ವ," ಎಂದು ಹಣಮಂತಪ್ಪ ಮೆಲ್ಲಗೆ ಕರೆಯುತ್ತಾನೆ. "ಬಾನಿ ಬಾವ್ಯಾಗ ಇಳಸೂ ಮುಂದ ನೀರು ಕಾಣತೈತೇನು ನಿನಗ?"

"ನಾ ಎತ್ತಿನ ಹತ್ರ ಇರತೇನಿ. ಹೆಂಗ ಕಾಣಬೇಕು?"

"ಮತ್ತ ನೀರು ಮುಟ್ಟಿದ್ದು ಹೆಂಗ ಗೊತ್ತಾಕ್ಕೈತಿ?"

"ಹಗ್ಗ ಹಗುರ ಆಕ್ಕೈತಿ."

"ನನಗೂ ಹಂಗ ಗೊತ್ತಾಕ್ಕೈತಿ. ಕಣ್ಣ ಬೇಕಾಗಿಲ್ಲ ಅದಕ್ಕ." ಆತ ಬಟ್ಟೆ ಸುತ್ತಿದ ಕೈಯನ್ನು ಮುಂದೆ ಚಾಚುತ್ತಾನೆ. "ಎರಡ ವರ್ಷದಿಂದ ಈ ಕೈಗೆ ಗ್ವಾಡಿ ಹಿಡಕೊಂಡು ಅಡ್ಡಾಡೂದೊಂದ ಕೆಲಸ. ಮಳಿಗಾಲದಾಗ ಅದಕ್ಕ ಮತ್ತ ಜೀವ ಬಂದೈತಿ. ಈಗ ಸುಮ್ಮನ ಕೂಡು ಅನ್ನಬ್ಯಾಡ."

ಬೇವಿನ ಎಲೆಗಳು ಅಲುಗುತ್ತವೆ. ಬಸಲಿಂಗಪ್ಪ ತಲೆಯ ಪಾಗೋಟೆ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾನೆ. ಶಂಕ್ರೆಪ್ಪ ಹಾರೆ, ಪಾನಾ, ಸರಪಳಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ಅಂಗಳದ ಆಚೆ ಮಣ್ಣಿನ ಮೇಲೆ ಸದ್ದಾಗದಂತೆ ಇಟ್ಟು ಬರುತ್ತಾನೆ. ಶಟ್ಟೆವ್ವ ಅದನ್ನು ನೋಡುತ್ತಾಳೆ. ಆಮೇಲೆ ಕೊಟ್ಟಿಗೆಯಿಂದ ಗಂಡನ ಬಳಿಗೆ ಬರುತ್ತಾಳೆ.

"ನಿನ್ನೆ ನೀವು ಸುಮ್ಮನ ಇದ್ರಿ. ಕೈ ಎಲ್ಲೈತಿ ಅಂತ ನನಗ ತಿಳೀಲಿಲ್ಲ. ಇವತ್ತ ಬಾಯಿ ಮುಚ್ಚಬ್ಯಾಡ್ರಿ. ಕೈ ಎಲ್ಲೈತಿ, ಎಷ್ಟ ಇಳೀಬೇಕು, ಎಲ್ಲಾ ಹೇಳಕೋಂತ ಇರ್ರಿ. ನೀವು ನಿಲ್ಲಿಸಿದ್ರ ನಾನೂ ನಿಲ್ಲಸತೇನಿ."

"ಆತು. ಹೇಳತೇನಿ."

ಎತ್ತುಗಳು ಮತ್ತೆ ಬರುತ್ತವೆ. ಈ ಸಲ ಶಟ್ಟೆವ್ವ ಬಿಳಿಯನ ಕೊರಳಿಗೆ ತನ್ನ ಕೆನ್ನೆ ಒತ್ತಿ ಒಂದು ಗಳಿಗೆ ನಿಲ್ಲುತ್ತಾಳೆ. ಎಂಜಿನ್ನು ನೆಲ ಬಿಟ್ಟು ಮೇಲೇಳುತ್ತದೆ, ಬಿಸಿಲಿನಲ್ಲಿ ಒಮ್ಮೆ ಹೊಳೆಯುತ್ತದೆ, ಮೋಟಾರಿನ ಮೂಗಿನ ಮೇಲೆ ಬಂದು ತೂಗುತ್ತದೆ. ಶಂಕ್ರೆಪ್ಪ ಅದು ಹೊಯ್ದಾಡದಂತೆ ಮುಂದಿನಿಂದ ಹಿಡಿದುಕೊಳ್ಳುತ್ತಾನೆ. ಹಣಮಂತಪ್ಪ ಮೊಣಕಾಲೂರುತ್ತಾನೆ. ಆತನ ಕೈಗಳು ಸಂದಿಯೊಳಗೆ ಮರೆಯಾಗುತ್ತವೆ.

"ಒಂದ ಗೇಣ ಬಿಡು," ಎನ್ನುತ್ತಾನೆ.

ಶಟ್ಟೆವ್ವ ಹಾಡಲು ಬಾಯಿ ತೆರೆಯುತ್ತಾಳೆ. ಹಾಡು ಬರುವುದಿಲ್ಲ. ಎತ್ತುಗಳು ನಿಂತೇ ಇವೆ.

"ಒಂದ ಗೇಣ ಬಿಡು ಶಟ್ಟೆವ್ವ," ಎಂದು ಆತ ಇನ್ನೊಮ್ಮೆ ಹೇಳುತ್ತಾನೆ, ಮಗುವನ್ನು ಕರೆಯುವ ಹಾಗೆ.

ಆಗ ಆ ಮಾತನ್ನೇ ಆಕೆ ಎತ್ತಿಕೊಳ್ಳುತ್ತಾಳೆ. ಹಳೆಯ ಹಾಡುಗಳಾವುವೂ ನಾಲಿಗೆಗೆ ಬಾರದಿದ್ದಾಗ ಗಂಡನ ಮಾತಿಗೇ ರಾಗ ಕೂಡಿಸುತ್ತಾಳೆ. "ಒಂದ ಗೇಣ ಬಾರೋ ಹಂಡಾ, ಒಂದ ಗೇಣ ಬಾರೋ ಬಿಳಿಯಾ..." ದನಿ ಮೊದಲು ನಡುಗುತ್ತದೆ. ಎತ್ತುಗಳ ಕಿವಿ ನಿಮಿರುತ್ತದೆ. ಹಿಂಗಾಲಿನಿಂದ ಮಣ್ಣು ತಡವಿ ಒಂದು ಹೆಜ್ಜೆ ಇಡುತ್ತವೆ. ಹಗ್ಗ ರಾಟೆಯ ಮೇಲೆ ಕಿರುಗುಟ್ಟುತ್ತದೆ.

"ಕೈ ಬಲಕ್ಕ ಐತಿ. ನಾಕ ಬಟ್ಟ ಬಿಡು," ಎಂದು ಆತ ನಾಲ್ಕು ಬೆರಳಿನ ಅಳತೆ ಹೇಳುತ್ತಾನೆ.

"ಕೈ ಬಲಕ್ಕೈತಿ ಹಂಡಾ, ನಾಕ ಬಟ್ಟ ಬಿಡೋ ಬಿಳಿಯಾ..."

"ದಂಡ ತೂತಿನ ಬಾಯಿಗೆ ಬಂತು. ತಡಿ."

ಹಾಡು ತಡೆಯುತ್ತದೆ, ಎತ್ತುಗಳು ತಡೆಯುತ್ತವೆ. ಹಣಮಂತಪ್ಪ ಕಣ್ಣು ಮುಚ್ಚಿಕೊಂಡಿದ್ದಾನೆ. ಮುಚ್ಚಿದರೂ ತೆರೆದರೂ ಆತನಿಗೆ ಹೆಚ್ಚುಕಡಿಮೆ ಒಂದೇ. ಆದರೂ ಏನನ್ನೋ ಆಲಿಸುವವನ ಹಾಗೆ ಮುಚ್ಚಿದ್ದಾನೆ. ತುಟಿ ಸ್ವಲ್ಪ ತೆರೆದಿದೆ. ಭುಜ ನಿಧಾನವಾಗಿ ಹೊರಳುತ್ತದೆ.

"ಈಗ ಒಂದ ಬಟ್ಟ. ನಿದ್ದಿಗಣ್ಣಾಗ ಬಂದಂಗ ಬರಲಿ."

"ನಿದ್ದಿಗಣ್ಣಾಗ ಬಾರೋ ಹಂಡಾ, ಕನಸಿನ್ಯಾಗ ಬಾರೋ ಬಿಳಿಯಾ..."

ಅದು ಹಾಡೋ ಜೋಗುಳವೋ ಹೇಳಲು ಬಾರದು. ನೆರಳುಗಳೂ ಹಿಂದಡಿ ಇಡುತ್ತಿರುವಂತೆ ನನಗೆ ತೋರುತ್ತದೆ. ಗುಡ್ಡದ ಮೇಲಿಂದ ಗಾಳಿ ಬೀಸಿ, ಬೇವಿನ ಹಣ್ಣೆಲೆಗಳು ಎಂಜಿನ್ನಿನ ಮೇಲೆ ಉದುರುತ್ತವೆ. ಯಾರೂ ಅವನ್ನು ಸರಿಸುವುದಿಲ್ಲ. ಒಳಗಿನಿಂದ ಒಂದು ಸದ್ದು ಬರುತ್ತದೆ, ಕಂಚಿನ ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ. ಹಗ್ಗ ಸಡಿಲಾಗುತ್ತದೆ.

"ಹಗುರಾತು," ಎನ್ನುತ್ತಾಳೆ ಶಟ್ಟೆವ್ವ.

ಹಣಮಂತಪ್ಪ ಎರಡೂ ಕೈಗಳನ್ನು ಹೊರಗೆ ತೆಗೆದು, ಬೆರಳುಗಳನ್ನು ಅಗಲಿಸಿ, ಆಕೆಯ ದನಿ ಬಂದ ಕಡೆಗೆ ಎತ್ತಿ ತೋರಿಸುತ್ತಾನೆ. ಆಕೆ ಅವುಗಳನ್ನು ದೂರದಿಂದಲೇ ನೋಡಿ, ಎತ್ತಿನ ಬೆನ್ನಿಗೆ ಹಣೆ ಹಚ್ಚಿ ನಿಂತುಬಿಡುತ್ತಾಳೆ.

ಬೋಲ್ಟು ಬಿಗಿಯುವುದು, ನಳಿಗೆ ಜೋಡಿಸುವುದು, ನೀರು ಎಣ್ಣೆ ತುಂಬುವುದು ಮಧ್ಯಾಹ್ನದವರೆಗೂ ನಡೆಯುತ್ತದೆ. ಶಂಕ್ರೆಪ್ಪ ಮುಂದಿನ ಹ್ಯಾಂಡಲ್ಲು ತಿರುಗಿಸುತ್ತಾನೆ. ಎಂಜಿನ್ನು ಸೀನಿ ಸುಮ್ಮನಾಗುತ್ತದೆ. ಇನ್ನೊಮ್ಮೆ ತಿರುಗಿಸಿದರೂ ಅಷ್ಟೇ. ಹಣಮಂತಪ್ಪ ಬಾಗಿ ಕಿವಿಗೊಟ್ಟು, "ಪೆಟ್ರೋಲ್ ಇನ್ನೂ ಮುಟ್ಟಿಲ್ಲ, ತಡಿ," ಎನ್ನುತ್ತಾನೆ. ಶಂಕ್ರೆಪ್ಪ ತಲೆಯಾಡಿಸಿ, ಒಂದು ಸಣ್ಣ ತಿರುಪನ್ನು ಸಡಿಲಿಸಿ ಕಾಯುತ್ತಾನೆ. ಮತ್ತೆ ತಿರುಗಿಸಿದಾಗ ಮೋಟಾರು ಕೆಮ್ಮುತ್ತದೆ, ತೊದಲುತ್ತದೆ, ಕೊನೆಗೆ ಒಂದೇ ಉಸಿರಿನಲ್ಲಿ ಗುಂಯ್‌ಗುಡತೊಡಗುತ್ತದೆ. ಗಾದಿಯಲ್ಲಿದ್ದ ಕೋಳಿ ಕೂಗುತ್ತ ಹಾರಿ ಹೋಗುತ್ತದೆ. ಬಸಲಿಂಗಪ್ಪ ಬಿದ್ದುಬಿದ್ದು ನಗುತ್ತಾನೆ.

ಮೊದಲ ಸುತ್ತು ಯಾರು ಹೋಗಬೇಕೆಂಬ ಮಾತು ಬಂದಾಗ ಆತ ಹಿಂದೆಮುಂದೆ ನೋಡುವುದಿಲ್ಲ. "ಹಣಮಂತಪ್ಪ ಕುಂದರಲಿ. ನಂದು ಇದ್ದದ್ದ ಐತಿ." ಶಂಕ್ರೆಪ್ಪ ಚಕ್ರ ಹಿಡಿಯುತ್ತಾನೆ. ಹಣಮಂತಪ್ಪ ಗಾದಿಯನ್ನು ತಡವಿ, ಅಂಚು ಹುಡುಕಿ, ಕುಳಿತುಕೊಳ್ಳುತ್ತಾನೆ. ಗಿಳಿಹಸಿರು ಮೋಟಾರು ಧೂಳೆಬ್ಬಿಸುತ್ತ ಸವದತ್ತಿಯ ದಾರಿ ಹಿಡಿಯುತ್ತದೆ.

ಶಟ್ಟೆವ್ವ ಬೆದರಿದ ಎತ್ತುಗಳ ಮೂಗುದಾರ ಹಿಡಿದು ನಿಂತಿದ್ದಾಳೆ. ಸದ್ದು ಜೋಳದ ಹೊಲಗಳ ಆಚೆ ಸಣ್ಣದಾಗುತ್ತದೆ, ಜೇನಿನ ಸದ್ದಿನಷ್ಟಾಗುತ್ತದೆ, ಆಮೇಲೆ ಕೇಳಿಸುವುದೇ ಇಲ್ಲ. ಆಕೆಯ ಮುಖದ ಬಣ್ಣ ಬದಲಾಗುತ್ತದೆ. "ನಿಂತೇನ್ರಿ ಅದು?" ಎಂದು ನನ್ನನ್ನು ಕೇಳುತ್ತಾಳೆ. ನನಗೂ ತಿಳಿಯದು. ನಾವಿಬ್ಬರೂ ದಾರಿಯನ್ನೇ ನೋಡುತ್ತೇವೆ. ಎಷ್ಟೋ ಹೊತ್ತಾದಂತೆನಿಸಿದ ಮೇಲೆ ಮತ್ತೆ ಜೇನಿನ ಸದ್ದು ಹುಟ್ಟುತ್ತದೆ.

ಮೋಟಾರು ಬಂದು ನಿಲ್ಲುತ್ತದೆ. ಹಣಮಂತಪ್ಪನ ರುಮಾಲು ಎಲ್ಲೋ ಹಾರಿಹೋಗಿದೆ. ಕೂದಲು ನೆಟ್ಟಗೆ ನಿಂತಿದೆ, ಹುಬ್ಬಿನ ಮೇಲೆಲ್ಲ ಧೂಳು. ಇಳಿದವನು ಹೆಂಡತಿಯನ್ನು ಹುಡುಕುತ್ತ ನೇರ ಬರುತ್ತಾನೆ.

"ಹೆಂಗಿತ್ರಿ?" ಎಂದು ಆಕೆ ಕೇಳುತ್ತಾಳೆ.

"ಹೊಳ್ಯಾಗ ಈಜಿದಂಗ ಇತ್ತು. ನೀರ ಬದಲಿ ಗಾಳಿ." ಆತ ಸ್ವಲ್ಪ ಯೋಚಿಸುತ್ತಾನೆ. "ಕಣ್ಣಿದ್ದಾಗೂ ನಾ ಇಷ್ಟ ದೂರ ನೋಡಿರಲಿಲ್ಲ."

ಬಿಸಿಲು ಇಳಿಯುತ್ತಿದೆ. ಬಸಲಿಂಗಪ್ಪ, ಶಂಕ್ರೆಪ್ಪ ಹೊಳೆಯ ದಾರಿ ಹಿಡಿದಿದ್ದಾರೆ. ಹೋಗುವ ಮುನ್ನ ಶಂಕ್ರೆಪ್ಪ, ಬೆಳಗಾವಿಯಲ್ಲಿ ತಾನು ಬಲ್ಲವರ ಎರಡು ಎಂಜಿನ್ನುಗಳು ಕೆಟ್ಟು ಕೂತಿವೆ, ಅವನ್ನು ಇಲ್ಲಿಗೇ ಕಳಿಸುತ್ತೇನೆಂದು ಹೇಳಿದ್ದಾನೆ. ಹಣಮಂತಪ್ಪ ಈಗ ಪಡಸಾಲೆಯಲ್ಲಿ ಗಾಢ ನಿದ್ದೆಯಲ್ಲಿದ್ದಾನೆ. ನಾನು ಸವದತ್ತಿಯತ್ತ ಹೊರಟು ನಿಂತಿದ್ದೇನೆ. ಶಟ್ಟೆವ್ವ ನನಗೆ ಮಜ್ಜಿಗೆ ತಂದುಕೊಡುತ್ತಾಳೆ. ಪತ್ರಿಕೆಯವರ ವಾಡಿಕೆಯ ಪ್ರಶ್ನೆ ನನ್ನ ಬಾಯಿಗೆ ಬರುತ್ತದೆ. ಇನ್ನು ಮುಂದೆ ನಿಮಗೇನು ಆಸೆ ಎಂದು ಕೇಳುತ್ತೇನೆ.

ಆಕೆ ಮಲಗಿದ ಗಂಡನ ಕಡೆ ನೋಡುತ್ತಾಳೆ. ದನಿ ತಗ್ಗಿಸುತ್ತಾಳೆ.

"ನನಗೇನ ಆಸೆರಿ ಅಣ್ಣಾರ. ಕಣ್ಣ ಹೋದ ಮ್ಯಾಲೆ ಅವ್ರು ನಾ ಹಾಕಿದಷ್ಟ ಉಂಡು ಕೈ ತೊಳಕೋತಿದ್ರು. ಹೆಂಡ್ತಿ ದುಡದದ್ದು ಅಂತ ಮನಸಿನ್ಯಾಗ ಇತ್ತೋ ಏನೋ, ಒಂದಿನ ಸೈತ ಬೇಕಂತ ಕೇಳಿದವ್ರಲ್ಲ. ಇವತ್ತ ಉಣ್ಣಾಕ ಕುಂತಾಗ ಗಂಗಾಳ ಮುಂದ ಸರಿಸಿದ್ರು." ಆಕೆ ಖಾಲಿ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾಳೆ. "ಇನ್ನೊಂದ ರೊಟ್ಟಿ ಹಾಕು ಅಂದ್ರು."